ಪುಟ್ಟಬಸಪ್ಪನ ಕರಡಿಗೆ

ಅಗರದ ಜಗಲಿಯ ಮೇಲೆ ಕೂತು ಕೇಳಿದರೆ, ಪುಟ್ಟಬಸಪ್ಪನನ್ನು ಮದರಾಸು ಪೊಲೀಸರು ಹೊಳೆಯ ಮಧ್ಯೆ ಗುಂಡು ಹೊಡೆದು ಕೊಂದರು. ಹಿಡಿದುಕೊಟ್ಟವನು ಅವನ ಜೊತೆಗಾರ, ಧನಗೆರೆಯ ಬಿಳಿಗಿರಿ. ಹೊಳೆ ದಾಟಿ ಧನಗೆರೆಯ ಟೀ ಅಂಗಡಿಯಲ್ಲಿ ಕೇಳಿದರೆ, ಪೊಲೀಸರ ಗುಂಡು ಅವನ ಕಂಬಳಿಯನ್ನೂ ಮುಟ್ಟಲಿಲ್ಲ. ಸಾರಾಯಿ ದುಡ್ಡಿನ ಪಾಲಿನ ಜಗಳದಲ್ಲಿ ಅಗರದವರೇ ಅವನನ್ನು ನೀರಿಗೆ ಅದುಮಿದರು, ಅದನ್ನು ಕಂಡ ಬಿಳಿಗಿರಿ ಹೆದರಿ ಊರು ಬಿಟ್ಟು ಓಡಿಹೋದ. ಈ ಎರಡೂ ಸುಳ್ಳು, ಅವನು ಸಾಯಲೇ ಇಲ್ಲ ಅಂದವಳು ಒಬ್ಬಳೇ ಒಬ್ಬಳು. ಅವಳು ಪುಟ್ಟಬಸಪ್ಪನ ಹೆಂಡತಿ ಚಿಕ್ಕನಿಂಗಮ್ಮ. ಅವಳ ಮಾತನ್ನು ಯಾರೂ ನಂಬಲಿಲ್ಲ. ನಂಬದಿರುವುದಕ್ಕೆ ಊರಿಗೆ ಕಾರಣವಿತ್ತು. ಪುಟ್ಟಬಸಪ್ಪನನ್ನು ಮಣ್ಣು ಮಾಡಿ ಹದಿಮೂರು ತಿಂಗಳಿಗೆ ಚಿಕ್ಕನಿಂಗಮ್ಮ ಹೆಣ್ಣು ಹೆತ್ತಳು.

ಆ ಹೆಣ್ಣೇ ಶಿವರತ್ನಮ್ಮ. ಈಗ ಅರವತ್ತೊಂಬತ್ತು ವರ್ಷ. ಕೊಳ್ಳೇಗಾಲದಲ್ಲಿ, ಹಳೇ ರೇಷ್ಮೆ ಕೇಂದ್ರದ ಹಿಂದಿನ ಬೀದಿಯಲ್ಲಿ, ಒಂದೇ ಕಿಟಕಿಯ ಬಾಡಿಗೆ ಕೋಣೆಯಲ್ಲಿದ್ದಾಳೆ. ತಂದೆ ಯಾವಾಗ ಸತ್ತ ಅನ್ನುವುದು ಬೇರೆಯವರಿಗೆ ಹೊತ್ತು ಕಳೆಯುವ ಮಾತು. ಅವಳಿಗೆ ಮಾತ್ರ, ತಾನು ಯಾರ ಮಗಳು ಅನ್ನುವುದು ಅದರ ಮೇಲೆ ನಿಂತಿತ್ತು.

ಶುಕ್ರವಾರ ಬೆಳಿಗ್ಗೆ ಫೋನು ಬಂತು. ಸೋದರಮಾವ ಮಲ್ಲಪ್ಪನ ಮೊಮ್ಮಗ ಶಾಂತಮೂರ್ತಿ.

"ಅತ್ತೆ, ಸೋಮವಾರ ನೀವು ಅಗರಕ್ಕ ಬರ್ಲೇಬೇಕು."

"ಯಾಕ್ಲಾ, ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಕಣತ್ತೆ. ರೋಡು ಅಗಲ ಮಾಡ್ತಾವ್ರೆ. ತಾತನ ಸಮಾಧಿ ರೋಡಿಗೆ ಓಯ್ತದ. ತಗ್ದು ಸ್ಕೂಲ್ ಪಕ್ಕದಲ್ಲಿ ಕಟ್ತೀವಿ. ನಮ್ಮ ಸಂಘದಿಂದ ಸ್ಮಾರಕನೇ ಮಾಡ್ತಿದ್ದೀವಿ. 'ಗಡಿ ವೀರ ಪುಟ್ಟಬಸಪ್ಪ' ಅಂತ ಕಲ್ಲು ಕೆತ್ತಕ್ಕ ಕೊಟ್ಟಾಗದ."

"ಸಾರಾಯಿ ಮಾರ್ತಿದ್ದೋನಿಗ ಸ್ಮಾರಕನಾ?"

"ಆ ಮಾತು ಯಾಕ್ ಬುಡಿ ಈಗ. ಪರರಾಜ್ಯದ ಪೊಲೀಸ್ರ ಎದುರ್ಸಿ ನಿಂತೋನು ಅಂತ ಬರ್ಸಿದ್ದೀವಿ." ಶಾಂತಮೂರ್ತಿ ದನಿ ತಗ್ಗಿಸಿದ. "ರಸ್ತೆ ಆಫೀಸ್ನೋರು ವಾರಸುದಾರರ ಸೈನ್ ಬೇಕು ಅಂತಾವ್ರೆ ಅತ್ತೆ. ರಕ್ತಸಂಬಂಧ ಇರೋರ್ದು. ನೀವೊಬ್ರೇ ಅಲ್ವಾ ಉಳ್ದಿರೋದು."

ಶಿವರತ್ನಮ್ಮನಿಗೆ ನಗು ಬಂತು. ಆದರೆ ನಗಲಿಲ್ಲ. "ಅದ್ಯಾವಾಗಿಂದ್ಲಾ ನಾನು ನಿಮ್ಮೂರಿಗ ರಕ್ತಸಂಬಂಧ ಆದದ್ದು?" ಅಂದಳು.

"ಅಯ್ಯೋ, ಹಳೇದೆಲ್ಲ ಯಾರು ಮಡಿಕಂಡವ್ರೆ ಅತ್ತೆ."

ಅವಳು ಮಡಿಗಿಕೊಂಡಿದ್ದಳು. ಅದೊಂದನ್ನೇ ಅವಳು ಜೋಪಾನವಾಗಿ ಮಡಿಗಿಕೊಂಡಿದ್ದು.

ಆಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಮದರಾಸಿನವರ ಆಡಳಿತ. ಅಲ್ಲಿ ಪಾನನಿರೋಧ, ಒಂದು ಲೋಟ ಹೆಂಡ ಸಿಕ್ಕಿದರೂ ಕೈಗೆ ಬೇಡಿ. ಹೊಳೆಯ ಈಚೆಗೆ, ಅಗರವಿರುವ ಯಳಂದೂರು ಮೈಸೂರಿನವರದು. ಇಲ್ಲಿ ಆ ಕಟ್ಟಿಲ್ಲ. ನಡುವೆ ಇದ್ದದ್ದು ಸುವರ್ಣಾವತಿ ಹೊಳೆ, ಬೇಸಿಗೆಯಲ್ಲಿ ಮೊಣಕಾಲುದ್ದ, ಮಳೆಗಾಲದಲ್ಲಿ ಎದೆಯುದ್ದ. ಪುಟ್ಟಬಸಪ್ಪ ಲಾರಿಯ ಹಳೇ ಟ್ಯೂಬುಗಳಿಗೆ ಸಾರಾಯಿ ತುಂಬಿಸಿ, ಅವನ್ನು ಆಳುಗಳ ಮೈಗೆ ಸುತ್ತಿ, ಮೇಲೊಂದು ಕಂಬಳಿ ಹೊದಿಸಿ, ಹೊಳೆ ದಾಟಿಸುತ್ತಿದ್ದ. ದಪ್ಪ ಹೊಟ್ಟೆಯ ಹತ್ತು ಜನ ಹೋಗಿ ತೆಳ್ಳಗಿನ ಹತ್ತು ಜನ ವಾಪಸು ಬರುತ್ತಿದ್ದರು. ತಾನು ಮಾತ್ರ ಒಂದು ತೊಟ್ಟು ಬಾಯಿಗಿಟ್ಟವನಲ್ಲ. ಶಿವಾಚಾರದ ಮನುಷ್ಯ, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡದೆ ಅನ್ನ ಮುಟ್ಟುತ್ತಿರಲಿಲ್ಲ. ಒಂದು ದಿನ ಹೊಳೆಯ ನಡುವಿನ ಬಂಡೆಯ ಮೇಲೆ ಪೂಜೆಗೆ ಕೂತನಂತೆ. ಆಚೆ ದಡದಲ್ಲಿ ಮದರಾಸು ಪೊಲೀಸರು, ಈಚೆ ದಡದಲ್ಲಿ ಮೈಸೂರು ಪೊಲೀಸರು. ಬಂಡೆ ಯಾರ ಸರಹದ್ದು ಅಂತ ಇಬ್ಬರೂ ವಾದಿಸುವ ಹೊತ್ತಿಗೆ ಅವನ ಪೂಜೆ ಮುಗಿದು, ರೊಟ್ಟಿಯೂ ಮುಗಿದು, ಆಳುಗಳು ಧನಗೆರೆ ಸೇರಿ ಆಗಿತ್ತಂತೆ. ಅಮ್ಮ ಈ ಕಥೆ ಹೇಳುವಾಗ ತಾನೇ ಆ ಬಂಡೆಯ ಮೇಲೆ ಕೂತಿದ್ದವಳ ಹಾಗೆ ಕಾಲು ಮಡಿಸಿಕೊಳ್ಳುತ್ತಿದ್ದಳು.

ಸಾವಿನ ಕಥೆಯನ್ನು ಮಾತ್ರ ಊರು ಹೇಳುತ್ತಿತ್ತು. ಆಷಾಢದಲ್ಲಿ ಹೊಳೆ ತುಂಬಿತ್ತು. ರಾತ್ರಿ ಗುಂಡಿನ ಸದ್ದು ಕೇಳಿತ್ತು. ನಾಲ್ಕು ದಿನ ಕಳೆದು ಜೊಂಡಿನಲ್ಲಿ ಹೆಣ ಸಿಕ್ಕಿತು. ಮೀನು ಮುಖ ಉಳಿಸಿರಲಿಲ್ಲ. ಆದರೆ ಕೊರಳಲ್ಲಿ ಕರಡಿಗೆ ಇತ್ತು. ಲಿಂಗವನ್ನು ಒಳಗಿಟ್ಟು ದಾರದಲ್ಲಿ ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿಯ ಸಣ್ಣ ಡಬ್ಬಿ ಅದು. ಅದರ ಮೇಲೆ ಬಿಲ್ವಪತ್ರೆಯ ಕೆತ್ತನೆ, ಒಂದು ಬದಿಯಲ್ಲಿ ಪೊಲೀಸರ ಲಾಠಿ ಏಟಿಗೆ ಆದ ನೆಗ್ಗು. ಪುಟ್ಟಬಸಪ್ಪನದೇ, ಅನುಮಾನವಿಲ್ಲ. ಅಲ್ಲಿಗೆ ಪೊಲೀಸರೂ ಒಪ್ಪಿದರು, ಊರೂ ಒಪ್ಪಿತು. ಬದುಕಿರುವ ಶಿವಾಚಾರದವನು ಕೊರಳಿನದನ್ನು ಬಿಚ್ಚಿ ಇನ್ನೊಬ್ಬನಿಗೆ ಹಾಕುವುದುಂಟೆ? ಹಾಗೆ ಯೋಚಿಸುವುದೇ ಪಾಪ, ಯಾರೂ ಯೋಚಿಸಲಿಲ್ಲ.

ಕಾರ್ತೀಕದಲ್ಲಿ ಅವನು ಒಂದು ಸಲ ಬಂದುಹೋದ ಅಂತ ಚಿಕ್ಕನಿಂಗಮ್ಮ ಹೇಳಿದಾಗ ಅವಳ ಹೊಟ್ಟೆ ಕಾಣಿಸತೊಡಗಿತ್ತು. ಮಗು ಹುಟ್ಟಿದಾಗ ಮಠದ ಅಯ್ನೋರು ಲಿಂಗ ಕಟ್ಟಲು ಬರಲಿಲ್ಲ. ಸತ್ತವನ ಮಗುವಿಗೆ ಹೇಗೆ ಕಟ್ಟೋದು ಅಂದರು. ಮೂರನೇ ತಿಂಗಳಿಗೆ ಚಿಕ್ಕನಿಂಗಮ್ಮ ತಾನೇ ಎಲ್ಲಿಂದಲೋ ಒಂದು ಲಿಂಗ ತಂದು, ಬಟ್ಟೆಯಲ್ಲಿ ಸುತ್ತಿ ಮಗಳ ಕೊರಳಿಗೆ ಕಟ್ಟಿದಳು. ಅದು ದೊಡ್ಡವರು ಕಟ್ಟಿಕೊಳ್ಳುವ ಲಿಂಗ. ಓಡಿದರೆ ಎದೆಗೆ ಬಡಿಯುತ್ತಿತ್ತು. ಓರಗೆಯ ಹುಡುಗಿಯರು ಅದನ್ನು ಸಂತೆ ಲಿಂಗ ಅಂತ ಕರೆದರು. ಅದರ ಪೀಠದ ಒಂದು ಅಂಚು ಕಿತ್ತುಹೋಗಿತ್ತು. ನಿದ್ದೆ ಬರುವವರೆಗೂ ಶಿವರತ್ನಮ್ಮ ಆ ಕಿತ್ತ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು.

"ನಂಗೂ ಬೆಳ್ಳಿ ಕರಡಿಗೆ ಮಾಡ್ಸವ್ವ" ಅಂತ ಒಂದು ಸಲ ಅತ್ತಿದ್ದಳು.

"ಇದ್ರ ಕರಡಿಗೆ ಬ್ಯಾರೆ ಕಡೆ ಅದ ಮಗ. ಸಿಕ್ದಾಗ ಸಿಕ್ತದ" ಅಂದಿದ್ದಳು ಅಮ್ಮ. ಮಕ್ಕಳನ್ನು ಸಮಾಧಾನ ಮಾಡುವ ಮಾತು ಅಂತ ಅವಳು ಅದನ್ನು ಮರೆತಳು. ಅವಳಿಗೆ ಹನ್ನೆರಡು ತುಂಬುವ ಮುಂಚೆ ಅಮ್ಮ ಹೋದಳು.

ಆಮೇಲೆ ಮಾವನ ಮನೆಯ ಹಿತ್ತಲು. ಒಂದು ಗಂಡಿನ ಕಡೆಯವರು ನೋಡಲು ಬಂದು, ತಂದೆ ಲಿಂಗೈಕ್ಯರಾದದ್ದು ಯಾವ ವರ್ಷ ಅಂತ ಕೇಳಿ, ಬೆರಳು ಮಡಿಸಿ, ಕಾಫಿ ಕುಡಿದು ಎದ್ದುಹೋದರು. ಇನ್ನೊಂದು ಗಂಡು ಬರಲಿಲ್ಲ. ಕೊಳ್ಳೇಗಾಲದ ರೇಷ್ಮೆ ಬಿಚ್ಚುವ ಕೆಲಸಕ್ಕೆ ಸೇರಿದಳು. ಕುದಿವ ನೀರಿನಲ್ಲಿ ಗೂಡು ಅದ್ದಿ ನೂಲಿನ ತುದಿ ಹುಡುಕುತ್ತ ಮೂವತ್ತೈದು ವರ್ಷ. ಬೆರಳುಗಳ ಗೆರೆ ಅಳಿಸಿಹೋದವು. ಈಗ ರೇಷನ್ ಅಂಗಡಿಯ ಮೆಷಿನ್ನು ಅವಳ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಪ್ರತಿ ತಿಂಗಳೂ ಆ ಹುಡುಗಿ "ಯಾರ್ದೋ ಅಂತ ತೋರಿಸ್ತದ ಅಜ್ಜಿ, ಇನ್ನೊಂದ್ಸಲ ಒತ್ತಿ" ಅನ್ನುತ್ತಾಳೆ.

ಅಜ್ಜೀಪುರದ ಸಂಗತಿ ನಡೆದದ್ದು ಅವಳ ಹತ್ತೊಂಬತ್ತನೇ ವಯಸ್ಸಿನಲ್ಲಿ. ಹನೂರಿನಾಚೆ, ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯ ಊರು. ಯಾರದೋ ದನ ಕಾಯುತ್ತ ಹದಿನೆಂಟು ವರ್ಷದಿಂದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದವನೊಬ್ಬ ಸಾಯುವ ಮುಂಚೆ 'ಅಗರಕ್ಕೆ ಹೇಳಿ' ಅಂದನಂತೆ. ಬಸ್ಸಿನ ಕಂಡಕ್ಟರು ಸುದ್ದಿ ತಂದ. ಮಾವ ಗೊಣಗುತ್ತ ಅವಳನ್ನೂ ಕರೆದುಕೊಂಡು ಹೊರಟ. ಕೊಟ್ಟಿಗೆಯಲ್ಲಿ ಗೋಣಿಯ ಮೇಲೆ ಗಡ್ಡದ ಮನುಷ್ಯನೊಬ್ಬ ಅಂಗಾತ ಮಲಗಿದ್ದ. ಮಾವ ಮುಖ ನೋಡುವ ಮೊದಲೇ ಅಂಗಿಯ ಗುಂಡಿ ಬಿಚ್ಚಿ ಕೊರಳು ನೋಡಿದ. ಬರೀ ಕೊರಳು.

"ಲಿಂಗ ಇಲ್ಲ. ನಮ್ಮೋನಲ್ಲ" ಅಂದ.

"ಊಟಕ್ಕ ಮುಂಚ ಎಡಗೈ ಇಂಗೆ ಹಿಡ್ಕಂಡು ನೋಡ್ತಾ ಕೂರ್ತಿದ್ದ ಸಾಮಿ, ದಿನಾಲೂ" ಅಂತ ಕೊಟ್ಟಿಗೆಯ ಮನೆಯಾಕೆ ಖಾಲಿ ಅಂಗೈ ತೋರಿಸಿದಳು.

"ಬರಿಗೈಲಿ ಏನ ಪೂಜೆ" ಅಂತ ಮಾವ ನಕ್ಕ. ಮುಂದಿನ ಬಸ್ಸಿಗೇ ಇಬ್ಬರೂ ವಾಪಸಾದರು. ಶಿವರತ್ನಮ್ಮ ಆ ಮುಖವನ್ನು ಒಂದು ಗಳಿಗೆ ಮಾತ್ರ ನೋಡಿದ್ದಳು. ತಂದೆಯ ಮುಖ ಅವಳಿಗೆ ಗೊತ್ತಿರಲಿಲ್ಲ, ಗುರುತು ಹಿಡಿಯಲು ಅವಳ ಹತ್ತಿರ ಏನೂ ಇರಲಿಲ್ಲ.

ಸೋಮವಾರ ಸ್ನಾನ ಮಾಡಿದಳು. ಪೂಜೆಗೆ ಕೂರಲು ಮನಸ್ಸು ನಿಲ್ಲಲಿಲ್ಲ, ಬಂದ ಮೇಲೆ ಮಾಡಿದರಾಯಿತು ಅಂತ ಎರಡು ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಪೂಜೆ ಇಲ್ಲದೆ ಊಟವಿಲ್ಲ, ಹಸಿವು ಹಾಗೇ ಇತ್ತು.

ಅಗರದ ರಸ್ತೆ ಬದಿಯಲ್ಲಿ ಶಾಮಿಯಾನ ಹಾಕಿದ್ದರು. ಸಂಘದ ಹುಡುಗರು ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಮೊಬೈಲು ಹಿಡಿದಿದ್ದರು. ಕೆತ್ತಿಸಿದ ಕಲ್ಲು ಟ್ರ್ಯಾಕ್ಟರಿನಲ್ಲಿ ಮಲಗಿತ್ತು. ಮೀಸೆ ತಿರುವಿದ ಒಂದು ಮುಖ. ಪುಟ್ಟಬಸಪ್ಪನ ಫೋಟೋ ಎಲ್ಲೂ ಇಲ್ಲದ್ದರಿಂದ ಶಾಂತಮೂರ್ತಿಯ ಮುಖಕ್ಕೇ ಮೀಸೆ ಬರೆಸಿದ್ದರು.

"ನಿನ್ನ ಮಾರಿನೇ ಹಾಕ್ಸಕಂಡಿದ್ದೀಯಲ್ಲೋ" ಅಂದಳು.

"ವಂಶದ ಮುಖ ಅಂತ ಕೆತ್ತೋನೇ ಅಂದ ಅತ್ತೆ."

"ನಿಂಗೂ ಅಂವ್ನಿಗೂ ಯಾವ ವಂಶ್ಲಾ? ನೀನು ನಮ್ಮವ್ವನ ಅಣ್ಣನ ಮೊಮ್ಮಗ."

ಶಾಂತಮೂರ್ತಿ ಹಲ್ಲು ಬಿಟ್ಟು ಕುರ್ಚಿ ತಂದುಕೊಟ್ಟ. ಪಕ್ಕದ ಕುರ್ಚಿಯಲ್ಲಿ ತೊಂಬತ್ತು ತುಂಬಿದ ಗುರುಪಾದಸ್ವಾಮಿ ಕೂತಿದ್ದರು. ಲಿಂಗ ಕಟ್ಟಲು ಒಲ್ಲೆ ಅಂದ ಅಯ್ನೋರ ಮಗ, ಈಗ ಊರಿಗೆ ಅವರೇ ಅಯ್ನೋರು. ಕಣ್ಣು ಪೊರೆ ಕಟ್ಟಿ ಮಸುಕಾಗಿದ್ದವು. ಅವಳ ದನಿ ಕೇಳಿ ಮುಖ ತಿರುಗಿಸಿದರು.

"ಯಾರು, ನಿಂಗವ್ವನ ಮಗಳಾ?"

ಪುಟ್ಟಬಸಪ್ಪನ ಮಗಳಾ ಅಂತ ಕೇಳಲಿಲ್ಲ. ಶಿವರತ್ನಮ್ಮ ಅದನ್ನು ಗಮನಿಸಿದಳು. "ಹೂಂ ಬುದ್ಧಿ" ಅಂದಳು.

"ಅವತ್ತು ನಾನೇ ಇದ್ದೆ ಕಣವ್ವ. ಇಪ್ಪತ್ತು ವರ್ಷ ನಂಗ. ನಮ್ಮಪ್ಪಾಜಿ ಮೂಗಿಗೆ ಬಟ್ಟೆ ಹಿಡ್ಕಂಡು ದೂರ ನಿಂತ್ರು, ಕ್ರಿಯೆ ಎಲ್ಲ ನಾನೇ ಮಾಡ್ದೆ. ಪೊಲೀಸ್ರು ಬ್ಯಾಗ ಬ್ಯಾಗ ಅಂತಿದ್ರು. ಲಿಂಗನ ಕರಡಿಗೆಯಿಂದ ತಗ್ದು ಬಿಡಿಯಾಗಿ ಎಡಗೈಗೆ ಮಡಗ್ಬೇಕು. ನಾನು ತಗೀಲಿಲ್ಲ. ವಾಸನೆ ತಡೀನಾರ್ದೆ, ಕರಡಿಗೆ ಸಮೇತ ಕೈಯೊಳಗಿಟ್ಟು ಮಣ್ಣೆಳದ್ಬುಟ್ಟೆ." ಅವರ ಕೈ ಕುರ್ಚಿಯ ತೋಳನ್ನು ಸವರುತ್ತಿತ್ತು. "ಎಪ್ಪತ್ತು ವರ್ಷದಿಂದ ಅದೊಂದು ನನ್ನ ಹೊಟ್ಟೇಲಿ ಕೊರೀತದ. ಅದ್ಕೇ ಬಂದೆ. ಇವತ್ತಾದ್ರೂ ಬಿಚ್ಚಿ ಕೈಗೆ ಮಡಗಾನ ಅಂತ."

ಮಷಿನ್ನು ತರಬೇಡಿ ಅಂತ ಅಯ್ನೋರು ಹೇಳಿದ್ದರಿಂದ ನಾಲ್ಕು ಜನ ಗುದ್ದಲಿ ಹಿಡಿದು ಅಗೆದರು. ಎದೆಯುದ್ದ ಇಳಿದ ಮೇಲೆ ಹೆಣ ಕೂರಿಸಿದ್ದ ಗೂಡು ಸಿಕ್ಕಿತು. ಶಿವಾಚಾರದವರನ್ನು ಮಲಗಿಸುವುದಿಲ್ಲ, ಪದ್ಮಾಸನದಲ್ಲಿ ಕೂರಿಸುತ್ತಾರೆ. ಎಪ್ಪತ್ತು ವರ್ಷ ಕೂತಿದ್ದವನು ಈಗ ತನ್ನ ಮಡಿಲಿಗೆ ತಾನೇ ಕುಸಿದಿದ್ದ. ತಲೆಬುರುಡೆ, ತೊಡೆಯ ಎಲುಬು, ವಿಭೂತಿಗಟ್ಟಿಯ ಚೂರು. ಒಬ್ಬ ಹುಡುಗ ಮಣ್ಣನ್ನು ಕೈಯಿಂದ ಕೆದಕಿ, ಇದ್ದಿಲಿನ ಹಾಗೆ ಕಪ್ಪಾದ ಒಂದು ಉಂಡೆ ಎತ್ತಿದ. ಶಾಂತಮೂರ್ತಿ ಶಾಲಿನ ತುದಿಯಿಂದ ಉಜ್ಜಿದ. ಬಿಲ್ವಪತ್ರೆ ಕಾಣಿಸಿತು. ಆಮೇಲೆ ನೆಗ್ಗು.

"ಗಾಜಿನ ಪೆಟ್ಟಿಗೇಲಿ ಇಡ್ತೀವಿ ಅತ್ತೆ ಇದ್ನ" ಅಂದ. ಅಲ್ಲಾಡಿಸಿದ. ಒಳಗೆ ಏನೋ ಕಟಕಟ ಅಂದಿತು.

"ಅಲ್ಲಾಡಿಸ್ಬ್ಯಾಡ ಲೇ" ಅಂದರು ಗುರುಪಾದಸ್ವಾಮಿ. "ರತ್ನಮ್ಮನ ಕೈಗೆ ಕೊಡು. ಅವ್ಳೇ ಬಿಚ್ಚಲಿ."

ಅದು ಅವಳ ಅಂಗೈಗೆ ಬಂದಾಗ ಅಂದುಕೊಂಡದ್ದಕ್ಕಿಂತ ತಣ್ಣಗಿತ್ತು. ಶಿವರತ್ನಮ್ಮ ಕೂತೇ ಇದ್ದಳು. ಒಳಗೆ ಲಿಂಗವಿದ್ದರೆ, ಗುಂಡಿಯಲ್ಲಿರುವವನು ಪುಟ್ಟಬಸಪ್ಪ. ಹಾಗಾದರೆ ಅವನು ಆಷಾಢದಲ್ಲೇ ಸತ್ತ. ಹಾಗಾದರೆ ಕಾರ್ತೀಕ ಸುಳ್ಳು, ಅಮ್ಮ ಸುಳ್ಳು, ಬೆರಳು ಮಡಿಸಿ ಲೆಕ್ಕ ಹಾಕಿ ಎದ್ದುಹೋದವರು ಸರಿ. ಇದನ್ನು ಬಿಚ್ಚದೆಯೇ ಗಾಜಿನ ಪೆಟ್ಟಿಗೆಗೆ ಕೊಟ್ಟುಬಿಡಬಹುದಿತ್ತು. ಅವಳು ಹಾಗೂ ಯೋಚಿಸಿದಳು. ಆದರೆ ಅಮ್ಮ ಒಬ್ಬಳೇ ನಿಂತು ಹೇಳಿದ ಮಾತು, ಹೇಳಿ ಹೇಳಿ ಸೋತು ಸತ್ತದ್ದು ಕಣ್ಣ ಮುಂದೆ ಬಂತು. ಎಲೆ ಅಡಿಕೆ ಚೀಲದಿಂದ ಅಡಕತ್ತರಿ ತೆಗೆದು ತುದಿಯನ್ನು ಸಂದಿಗೆ ಹಾಕಿ ಮೀಟಿದಳು.

ಒಳಗಿದ್ದದ್ದು ಬೆಣಚುಕಲ್ಲು. ಹೊಳೆಯ ನೀರಿನಲ್ಲಿ ಉರುಳಿ ನುಣುಪಾದ, ಬೆಳ್ಳನೆಯ, ಗುಲಗಂಜಿಯಷ್ಟೂ ಕಪ್ಪಿಲ್ಲದ ಕಲ್ಲು.

ಅಯ್ನೋರಿಗೆ ಕಾಣಲಿಲ್ಲ. "ಇದ್ದದಾ?" ಅಂದರು. ಅವಳು ಕಲ್ಲನ್ನು ಅವರ ಅಂಗೈಗೆ ಇಟ್ಟಳು. ಮುದುಕನ ಬೆರಳುಗಳು ಅದನ್ನು ಒಂದು ಸುತ್ತು, ಇನ್ನೊಂದು ಸುತ್ತು ತಿರುಗಿಸಿದವು. ಪೀಠ ಹುಡುಕಿದವು. ನಿಂತವು.

"ಅಂವಲ್ಲ ಇಂವ" ಅಂದರು, ಅವಳಿಗಷ್ಟೇ ಕೇಳುವ ಹಾಗೆ. "ನಾನು ಬಿಚ್ಚಿ ನೋಡಿದ್ರೆ ಅವತ್ತೇ ಗೊತ್ತಾಗೋದು. ನಿಮ್ಮವ್ವ ನಿಜ ಹೇಳಿದ್ಲು ಕಣವ್ವ."

ಶಾಂತಮೂರ್ತಿ ಬಗ್ಗಿ ನೋಡಿದ್ದ. "ಅತ್ತೆ, ಮುಚ್ಚಿ ಅದ್ನ. ಹನ್ನೊಂದಕ್ಕ ದೊಡ್ಡೋರೆಲ್ಲ ಬತ್ತಾವ್ರೆ. ಕಲ್ಲು ಕೆತ್ತಾಗದ."

ಶಿವರತ್ನಮ್ಮ ತಲೆ ಎತ್ತಿ ಸುತ್ತ ನೋಡಿದಳು. ಎದ್ದು ನಿಂತು ಹೇಳಬೇಕು ಅನ್ನಿಸಿತು. ಎಷ್ಟೋ ವರ್ಷ ಕುದಿನೀರಿನ ಆವಿಯ ಮುಂದೆ ಕೂತು ಈ ಮಾತನ್ನೇ ಬಾಯಲ್ಲಿ ಜೋಡಿಸಿಕೊಂಡಿದ್ದಳು. ಸಂತೆ ಲಿಂಗ ಅಂದ ಹುಡುಗಿಯರನ್ನು ಹುಡುಕಿದಳು. ಒಬ್ಬಳೂ ಇರಲಿಲ್ಲ. ಬೆರಳು ಮಡಿಸಿದವರು ಇರಲಿಲ್ಲ. ಮಾವ ಇರಲಿಲ್ಲ. ಇದ್ದವರೆಲ್ಲ ಅವರ ಮೊಮ್ಮಕ್ಕಳು. ಅವಳ ಹುಟ್ಟಿನ ಬಗ್ಗೆ ಅವರಿಗೆ ಕೆಟ್ಟದ್ದೂ ಗೊತ್ತಿಲ್ಲ, ಒಳ್ಳೇದೂ ಬೇಕಿಲ್ಲ. ಒಬ್ಬ ಹುಡುಗಿ ಮೊಬೈಲು ಎತ್ತಿ, "ಅಜ್ಜಿ, ಈ ಕಡೆ ನೋಡಿ" ಅಂದಳು.

ಅವಳು ಕರಡಿಗೆ ಮುಚ್ಚಿದಳು.

"ಸೈನ್ ಎಲ್ಲಿ ಮಾಡ್ಬೇಕ್ಲಾ?"

ಶಾಂತಮೂರ್ತಿ ಉಸಿರು ಬಿಟ್ಟು ಕಾಗದ ಚಾಚಿದ.

"ಇರು. ಆ ಕಲ್ಲಿನ ಮ್ಯಾಲೆ ಇನ್ನೊಂದು ಹೆಸ್ರು ಕೆತ್ತಿಸ್ತೀನಿ ಅನ್ನು. ಧನಗೆರೆ ಬಿಳಿಗಿರಿ."

"ಹಿಡಿದುಕೊಟ್ಟೋನ ಹೆಸ್ರಾ? ಜನ ಒಪ್ಪಲ್ಲ ಅತ್ತೆ."

"ಹಿಡಿದುಕೊಟ್ಟೋನು ನಾಕು ದಿನ ನೀರಲ್ಲಿ ಕೊಳೀತಾನೇನ್ಲಾ? ಆ ವಾರದಿಂದ ಅಂವನ್ನ ಯಾರೂ ಕಂಡಿಲ್ಲ. ಎಪ್ಪತ್ತು ವರ್ಷದಿಂದ ನೀವು ಹಾಲು ತುಪ್ಪ ಬುಟ್ಟಿರೋದು ಯಾರ್ಗೆ ಅನ್ಕಂಡಿದ್ದೀಯ?" ಅವಳು ಗುಂಡಿಯ ಕಡೆ ಕಣ್ಣು ತೋರಿಸಿದಳು. "ಅಂವ್ನಿಗೂ ಮನೆ ಮಠ ಇತ್ತು. ಅವ್ನ ಹೆಂಡ್ತಿ ಮಕ್ಳು ಕಾಯ್ತಾ ಇದ್ದಿರ್ತಾರೆ. ಕೇಳ್ದೋರ್ಗೆ ಜೊತೇಲಿದ್ದೋನು ಅಂತ ಹೇಳು, ಸಾಕು. ಬರ್ಸದೆ ಇದ್ರೆ ಸೈನ್ ಇಲ್ಲ."

"ಬರಸ್ಲಾ" ಅಂದರು ಗುರುಪಾದಸ್ವಾಮಿ. ಅಯ್ನೋರ ಮಾತು ಮೀರುವ ಹಾಗಿರಲಿಲ್ಲ.

ಅವಳು ಸೈನ್ ಮಾಡಿದಳು, ಗಂಡನ ಹೆಸರಿಗೆಂದು 'ಶಿವರತ್ನಮ್ಮ ಕೋಂ' ಅಂತ ಇದ್ದದ್ದನ್ನು ಹೊಡೆದುಹಾಕಿ, 'ಶಿವರತ್ನಮ್ಮ, ಪುಟ್ಟಬಸಪ್ಪನ ಮಗಳು' ಅಂತ. ಹೆಬ್ಬೆಟ್ಟೂ ಒತ್ತಿಸಿಕೊಂಡರು, ಕಾಗದದ ಮೇಲೆ ಗೆರೆಯಿಲ್ಲದ ನೀಲಿ ಮಚ್ಚೆಯೊಂದು ಮೂಡಿತು. ಬೆಣಚುಕಲ್ಲನ್ನು ಅಯ್ನೋರು ಎಲುಬುಗಳ ಜೊತೆಗೇ ಇಡಿಸಿದರು. ಕರಡಿಗೆಯನ್ನು ಅವಳು ಯಾರಿಗೂ ಕೊಡಲಿಲ್ಲ. ಗಾಜಿನ ಪೆಟ್ಟಿಗೆಗೆ ಬೇರೆ ಏನಾದರೂ ಹುಡುಕಿಕೊಳ್ಳಲಿ. ಊಟಕ್ಕೆ ನಿಲ್ಲಿ ಅಂತ ಒಂದಿಬ್ಬರು ಅಂದರು. ಅವಳು ನಿಲ್ಲಲಿಲ್ಲ. ಮತ್ತೊಮ್ಮೆ ಯಾರೂ ಕರೆಯಲಿಲ್ಲ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನಲ್ಲಿ ಕೂತಾಗ ಮನೆಗೆ ಹೋಗುವ ಮನಸ್ಸಾಗಲಿಲ್ಲ. ಗೆದ್ದ ಹಾಗೆ ಅನ್ನಿಸಬೇಕಿತ್ತು. ತಾನು ಪುಟ್ಟಬಸಪ್ಪನ ಮಗಳು, ಸಾಕ್ಷಿ ಚೀಲದಲ್ಲಿದೆ. ಆದರೆ ಹಾಗೆ ಅನ್ನಿಸುವ ಬದಲು ಇನ್ನೊಂದು ಪ್ರಶ್ನೆ ಬಂದು ಪಕ್ಕದಲ್ಲಿ ಕೂತಿತು. ಬದುಕಿದ್ದವನು ಎಲ್ಲಿ ಹೋದ? ಮಗಳು ಹುಟ್ಟಿದ್ದು ಗೊತ್ತಿರಲಿಲ್ಲವೇ? ಗೊತ್ತಿದ್ದರೆ ಯಾಕೆ ಬರಲಿಲ್ಲ?

ಕರಡಿಗೆ ತೆಗೆದು ತೆರೆದು ನೋಡಿದಳು. ಲಾಠಿಯ ಏಟು ಹೊರಗೆ ಗುಳಿ ಮಾಡಿದ್ದ ಕಡೆ ಒಳಗೆ ಬೆಳ್ಳಿ ಚೂಪಾಗಿ ಉಬ್ಬಿತ್ತು. ಅಂಥ ಏಟು ಬಿದ್ದಾಗ ಒಳಗಿದ್ದದ್ದಕ್ಕೂ ತಗುಲಿರಬೇಕು. ಅವಳ ಹೆಬ್ಬೆರಳು, ಅವಳನ್ನು ಕೇಳದೆ, ಸೆರಗಿನೊಳಗೆ ಹೋಗಿ ಲಿಂಗದ ಕಿತ್ತ ಅಂಚನ್ನು ಸವರುತ್ತಿತ್ತು.

ಬಟ್ಟೆ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಲಿಂಗವನ್ನು ಕರಡಿಗೆಯಲ್ಲಿಟ್ಟಳು. ಕಿತ್ತ ಅಂಚನ್ನು ಉಬ್ಬಿದ ಕಡೆಗೆ ತಿರುಗಿಸಿದಳು. ಗಟ್ಟಿಯಾಗಿ ಕೂತಿತು. ಮುಚ್ಚಿ ಅಲ್ಲಾಡಿಸಿದರೆ ಸದ್ದೇ ಇಲ್ಲ.

ಇದ್ರ ಕರಡಿಗೆ ಬ್ಯಾರೆ ಕಡೆ ಅದ ಮಗ.

ಆಗ ಎಲ್ಲ ಒಂದರ ಹಿಂದೆ ಒಂದು ಬಂತು. ಆ ರಾತ್ರಿ ಗುಂಡಿಗೆ ಸತ್ತ ಬಿಳಿಗಿರಿಯ ಕೊರಳಿಗೆ ಕರಡಿಗೆ ಮಾತ್ರ ಹಾಕಿ, ಪೊಲೀಸರ ಪಾಲಿಗೆ ಸತ್ತವನಾಗಿ, ಲಿಂಗ ತಾನೇ ಇಟ್ಟುಕೊಂಡು ಓಡಿದವನು. ಅಯ್ನೋರು ಮಗಳಿಗೆ ಲಿಂಗ ಕಟ್ಟಲಿಲ್ಲ ಅಂತ ಹೇಗೋ ಕೇಳಿ, ಪ್ರಾಣದ ಹಾಗೆ ಇಟ್ಟುಕೊಂಡಿದ್ದನ್ನು ಬಿಚ್ಚಿ ಕಳಿಸಿದವನು. ಮೊದಲು ಪೊಲೀಸರ ಲೆಕ್ಕದಲ್ಲಿ ಸತ್ತ, ಆಮೇಲೆ ತನ್ನವರ ಲೆಕ್ಕದಲ್ಲೂ. ಲಿಂಗವಿಲ್ಲದವನು ಯಾವ ಮುಖ ಹೊತ್ತು ಆ ಮನೆಯ ಹೊಸ್ತಿಲು ದಾಟಬೇಕು?

ಮತ್ತು ಕೊಟ್ಟಿಗೆಯಲ್ಲಿ ಗೋಣಿಯ ಮೇಲೆ ಮಲಗಿದ್ದವನ ಬರೀ ಕೊರಳು. ಲಿಂಗ ಇಲ್ಲ, ನಮ್ಮೋನಲ್ಲ. ಹತ್ತೊಂಬತ್ತರ ಹುಡುಗಿ ಮೂರು ಮಾರು ದೂರದಲ್ಲಿ ನಿಂತಿದ್ದಳು. ಅವನ ಕೊರಳಿನದು ಅವಳ ರವಿಕೆಯೊಳಗಿತ್ತು. ಗುರುತು ಹಿಡಿಯಲು ತನ್ನ ಹತ್ತಿರ ಏನೂ ಇರಲಿಲ್ಲ ಅಂತ ಐವತ್ತು ವರ್ಷ ಅಂದುಕೊಂಡಿದ್ದಳು.

ಬೆಟ್ಟದ ಬಸ್ಸು ಬಂತು. ಹತ್ತಿದಳು. "ಅಜ್ಜೀಪುರ" ಅಂದಳು. ಕಂಡಕ್ಟರು ಕಾರ್ಡು ನೋಡಿ ಸೊನ್ನೆ ಟಿಕೆಟು ಹರಿದುಕೊಟ್ಟ. "ಒಬ್ರೇನಾ ಅವ್ವ?" ಅಂದ. ಅವಳು ತಲೆ ಆಡಿಸಿದಳು.

ಅಜ್ಜೀಪುರದಲ್ಲಿ ಕೊಟ್ಟಿಗೆ ಇರಲಿಲ್ಲ. ಅದಿದ್ದ ಕಡೆ ಹಾಲಿನ ಡೇರಿ ಕಟ್ಟಿದ್ದರು. ಹಿಂದೆ ಒಂದು ಹೊಂಗೆಮರ, ಅದರ ಬುಡದಲ್ಲಿ ಒಡೆದ ಸಿಮೆಂಟಿನ ತೊಟ್ಟಿ. ಡೇರಿಯ ಬಾಗಿಲಲ್ಲಿ ಕ್ಯಾನು ತೊಳೆಯುತ್ತಿದ್ದ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡಿದಳು.

"ಯಾರ್ನವ್ವ ಹುಡುಕ್ತಿರೋದು?"

"ಐವತ್ತು ವರ್ಷದ ಹಿಂದ ಇಲ್ಲಿ ದನ ಕಾಯ್ಕಂಡು ಒಬ್ಬ ಇದ್ದ ಕಣವ್ವ. ಊರು ಯಾವ್ದು ಅಂತ ಗೊತ್ತಿಲ್ಲದೋನು."

"ಅಷ್ಟು ಹಿಂದಿಂದು ನಾ ಕಾಣೆ." ಹೆಂಗಸು ತಿರುಗಿ, ಮತ್ತೆ ನಿಂತಳು. "ಕೈ ನೋಡೋ ತಾತನಾ? ನಮ್ಮತ್ತೆ ಹೇಳೋರು. ದಿನಾ ಊಟಕ್ಕ ಮುಂಚ ತನ್ನ ಎಡಗೈ ತಾನೇ ನೋಡ್ಕತಿದ್ನಂತೆ. ಅದೃಷ್ಟ ನೋಡ್ಕತಾನೆ ಅಂತ ಎಲ್ಲ ನಗಾಡೋರಂತೆ. 'ಇವತ್ತೇನು ಬರದದ ತಾತ' ಅಂದ್ರೆ, 'ಇವತ್ತೂ ಬರ್ನಿಲ್ಲ' ಅಂತಿದ್ನಂತೆ."

"ಎಲ್ಲಿ ಮಣ್ಣು ಮಾಡಿದ್ರು?"

"ಈ ಮರದ ತಾವೇ ಅಂತಾರೆ. ಸರ್ಯಾಗಿ ಯಾರ್ಗೊತ್ತು."

"ಒಂದು ಚೊಂಬು ನೀರು ಕೊಡ್ತೀಯವ್ವ?"

ಹೆಂಗಸು ನೀರು ತಂದುಕೊಟ್ಟು, ಕೆಲಸಕ್ಕೆ ಹೋಗದೆ ಬಾಗಿಲಲ್ಲೇ ನಿಂತಳು. ಶಿವರತ್ನಮ್ಮ ಕೈಕಾಲು ತೊಳೆದಳು. ಮರದ ಬುಡದಲ್ಲಿ ಎಲೆ ಗುಡಿಸಿ ಕೂತಳು. ಇಲ್ಲಿ ಅವನನ್ನು ಕೂರಿಸಿರುವುದಿಲ್ಲ, ಮಲಗಿಸಿರುತ್ತಾರೆ. ತಲೆ ಯಾವ ಕಡೆಗೋ ಗೊತ್ತಿಲ್ಲ. ಹಣೆಗೆ ವಿಭೂತಿ ಹಚ್ಚಿದಳು. ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟು, ಮೇಲೆ ನೀರು ಬಿಟ್ಟಳು. ಬೆರಳ ಸಂದಿಯಿಂದ ನೀರು ಸೋರಿ ಮಣ್ಣಿಗೆ ಇಳಿಯಿತು. ಸುಮ್ಮನೆ ನೋಡುತ್ತ ಕೂತಳು. ಗೆರೆಯಿಲ್ಲದ ಅಂಗೈ, ಅದರ ಮೇಲೆ ಕರಿಯ ಲಿಂಗ. ದಿನಾ ಮಾಡಿದ್ದೇ. ಇವತ್ತು ಎರಡು ಪಟ್ಟು ಹೊತ್ತು ಕೂತಳು, ತನ್ನದೊಂದು, ಇನ್ನೊಬ್ಬರದೊಂದು ಅನ್ನುವ ಹಾಗೆ.

ರೊಟ್ಟಿ ಬಿಚ್ಚಿದಾಗ ಡೇರಿಯ ಹೆಂಗಸು ಹತ್ತಿರ ಬಂದಳು. "ನಿಮ್ಗೇನಾಗ್ಬೇಕು ಅವರು?"

"ನಮ್ಮಪ್ಪ" ಅಂದಳು ಶಿವರತ್ನಮ್ಮ. ಅರವತ್ತೊಂಬತ್ತು ವರ್ಷದಲ್ಲಿ ಈ ಮಾತನ್ನು ಅವಳು ಇನ್ನೊಬ್ಬರಿಗೆ ಹೇಳಿದ್ದು ಇದೇ ಮೊದಲು. ಕೇಳಿದವಳು ಬೆರಳು ಮಡಿಸಲಿಲ್ಲ. "ಓ" ಅಂದು, ಕ್ಯಾನು ತೊಳೆಯಲು ಹೋದಳು.

ಒಂದು ರೊಟ್ಟಿಯ ಮೇಲೆ ಚಟ್ನಿ ಇಟ್ಟು ಮರದ ಬುಡದಲ್ಲಿ ಎಲೆಯ ಮೇಲಿಟ್ಟಳು. ಇನ್ನೊಂದನ್ನು ತಾನು ತಿಂದಳು. ರಸ್ತೆಯಲ್ಲಿ ಬೆಟ್ಟದ ಬಸ್ಸುಗಳು ಹೋಗುತ್ತ ಬರುತ್ತ ಇದ್ದವು. ಕೊಳ್ಳೇಗಾಲದ ಬಸ್ಸು ಬಂದು, ನಿಂತು, ಹಾರ್ನು ಹೊಡೆಯಿತು. ಅವಳು ಏಳಲಿಲ್ಲ. ಇನ್ನೊಂದು ಬರುತ್ತದೆ.